55 ಡೆಸಿಬಲ್ ಮಗುವಿಗೆ ಶಾಲೆಯಲ್ಲಿ ನೆರವು ಇಲ್ವಾ?

ಪ್ರಶ್ನೆ: ಮೇಡಂ, ನನ್ನ ಮಗಳು ಎರಡನೇ ಕ್ಲಾಸು. ಎರಡೂ ಕಿವಿಯಲ್ಲಿ 55 ಡೆಸಿಬಲ್ ಶ್ರವಣದೋಷ ಅಂತ ರಿಪೋರ್ಟ್ ಬಂದಿದೆ. ಹಿಯರಿಂಗ್ ಏಡ್ ಹಾಕ್ತಾಳೆ. ಅಂಗವಿಕಲರ ಕಾರ್ಡಿಗೆ ಇದು ಸಾಲದು ಎಂದರು. ಮನೆಯಲ್ಲಿ ಚೆನ್ನಾಗಿ ಮಾತಾಡ್ತಾಳೆ, ಓದಿನಲ್ಲಿ ಮಾತ್ರ ಹಿಂದೆ. ಟೀಚರ್ ಗಮನ ಇಲ್ಲ ಅಂತಾರೆ. ಏನು ಮಾಡಲಿ?
- ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಮಗಳಿಗೆ ಗಮನ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಪಾಠ ಅವಳಿಗೆ ಅರ್ಧಂಬರ್ಧ ಕೇಳಿಸುತ್ತಿರಬೇಕು. ಡೆಸಿಬಲ್ ಎಂದರೆ ಸದ್ದಿನ ಅಳತೆ. 55ರ ನಷ್ಟ ಎಂದರೆ ಸುಮಾರು ಅದಕ್ಕಿಂತ ಮೆಲ್ಲನೆಯ ಸದ್ದು ಏಡ್ ಇಲ್ಲದೆ ಕೇಳಿಸದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟ ಇದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. 55 ಇರುವ ನಿಮ್ಮ ಮಗಳು ಈ ಗೆರೆಗಿಂತ ಕೆಳಗೆ ಉಳಿದಳು. ಅಮೆರಿಕದ ವಿಶೇಷ ಶಿಕ್ಷಣ ಕಾನೂನು ಹೀಗೆ ಡೆಸಿಬಲ್ ಎಣಿಸುವುದಿಲ್ಲ. ಶ್ರವಣದೋಷದಿಂದ ಓದಿಗೆ ತೊಂದರೆ ಆಗ್ತಿದೆಯಾ ಎಂದು ನೋಡುತ್ತದೆ. ಆಗಾಗ ಏರಿಳಿಯುವ ದೋಷವನ್ನೂ ಸೇರಿಸುತ್ತದೆ. ಶಾಲೆಗೆ ಬೇಕಾದ ಪ್ರಶ್ನೆ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮನೆಯಲ್ಲಿ ನೀವು ಹತ್ತಿರ ಕೂತು ಮಾತಾಡುತ್ತೀರಿ, ಅಲ್ವಾ? ಒಂದು ಮೀಟರ್ ದೂರದಲ್ಲಿ ಸಾಮಾನ್ಯ ಮಾತು ಸುಮಾರು 60 ಡೆಸಿಬಲ್. ದೂರ ಎರಡು ಪಟ್ಟಾದರೆ ಹೆಚ್ಚುಕಡಿಮೆ 6 ಡೆಸಿಬಲ್ ಇಳಿಯುತ್ತದೆ. ಹಿಂದಿನ ಬೆಂಚಿಗೆ ಎಷ್ಟು ಉಳಿದೀತು? ಹಿಯರಿಂಗ್ ಏಡ್ ಮಾತಿನ ಜೊತೆ ಫ್ಯಾನಿನ ಸದ್ದನ್ನೂ, ಪಕ್ಕದ ಮಕ್ಕಳ ಗಲಾಟೆಯನ್ನೂ ಏರಿಸುತ್ತದೆ. ಸ, ಶ, ತ, ಪ ಮೊದಲೇ ತೆಳು ಸದ್ದುಗಳು. ಉಕ್ತಲೇಖನದಲ್ಲಿ ಈ ಅಕ್ಷರಗಳೇ ತಪ್ಪುತ್ತಿವೆಯಾ, ನೋಟ್ ಬುಕ್ ತೆಗೆದು ನೋಡಿ.

ಕಾರ್ಡ್ ಇಲ್ಲದೆಯೂ ಶಾಲೆ ಮಾಡಬಹುದಾದದ್ದು ಬಹಳ ಇದೆ. ಅವಳನ್ನು ಮುಂದೆ, ಫ್ಯಾನು ಮತ್ತು ರಸ್ತೆ ಕಡೆಯ ಕಿಟಕಿಯಿಂದ ದೂರ ಕೂರಿಸಲಿ. ಟೀಚರ್ ಬೋರ್ಡಿಗೆ ಮುಖ ಮಾಡಿ ಪಾಠ ಹೇಳದಿರಲಿ, ತುಟಿ ಕಾಣಬೇಕು. "ಗೊತ್ತಾಯ್ತಾ?" ಎಂದರೆ ಮಕ್ಕಳು ಸುಮ್ನೆ ತಲೆಯಾಡಿಸುತ್ತಾರೆ. ಅದರ ಬದಲು "ನಾನೇನು ಹೇಳಿದೆ?" ಎಂದು ಕೇಳಲಿ. ಟೀಚರ್ ಕೊರಳಿಗೆ ಮೈಕ್ ಹಾಕಿಕೊಂಡು ದನಿಯನ್ನು ನೇರ ಏಡ್‌ಗೆ ಕಳಿಸುವ ಎಫ್‌ಎಂ ಸಾಧನವೂ ಇದೆ. ನಿಮ್ಮ ಏಡ್‌ಗೆ ಅದು ಹೊಂದುತ್ತದೆಯೇ ಎಂದು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ವಿಚಾರಿಸಿ.

ರಿಪೋರ್ಟ್ ಹಿಡಿದು ಬಿಆರ್‌ಸಿ (ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರ) ಕಚೇರಿಗೂ ಹೋಗಿ. ಅಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಶಾಲೆಗೆ ಬಂದು ಟೀಚರ್ ಜೊತೆ ಮಾತಾಡಿ ಎಂದು ಕೇಳಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮರುಪರೀಕ್ಷೆ ಮಾಡಿಸಬಹುದು. ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಬೇಕೇ ಬೇಕು, ನಷ್ಟ 60 ಮುಟ್ಟಿದ್ದರೆ ಕಾರ್ಡಿಗೆ ಮತ್ತೆ ಅರ್ಜಿ ಹಾಕಿ. ನೆಗಡಿ ಬಂದಾಗ ಕೇಳುವುದು ಇನ್ನೂ ಕಮ್ಮಿಯಾದರೆ ಕಿವಿ ಡಾಕ್ಟರಿಗೆ ತೋರಿಸಿ. ಏಡ್ ಕುಯ್ ಅನ್ನುತ್ತಿದ್ದರೆ ಕಿವಿ ಬೆಳೆದು, ಕಿವಿಯೊಳಗೆ ಕೂರುವ ಏಡ್‌ನ ಅಚ್ಚು ಸಡಿಲವಾಗಿರಬಹುದು, ಹೊಸ ಅಚ್ಚು ಮಾಡಿಸಿ.