ಸೋಲಾಪುರದಲ್ಲಿ ಎರಡು ದಿನ: ಹೋಟೆಲ್ ಪಟ್ಟಿ ಬಿಡಿ, ಮೊದಲು ಶೇಂಗಾ ಹಿಂಡಿ ಕೊಳ್ಳಿ

ನೀವು ಬರೆದು ಕೇಳಿದ್ದು ಇಷ್ಟು: ಬೆಂಗಳೂರಿನಿಂದ ನಾಲ್ಕು ಜನ, ಶನಿವಾರ-ಭಾನುವಾರ ಎರಡೇ ದಿನ, ಒಬ್ಬರು ಮಟನ್ ತಿನ್ನುವವರಲ್ಲ, ಅವರಿಗೆ ಪ್ರತ್ಯೇಕ ಪಟ್ಟಿ ಬೇಕು, ಸೋಲಾಪುರದ ಹೆಸರಾದ ಹತ್ತು ತಿನಿಸು ಮತ್ತು ಹತ್ತು ಹೋಟೆಲ್ ಬೇಕು, ಚಿವಡಾದ ಬಗ್ಗೆಯೂ ಹೇಳಿ. ಇಂಥದೇ ಪಟ್ಟಿ ಹಿಡಿದು ಊರೂರು ತಿರುಗಿದವನು ನಾನೂ. ಈಗ ಸೋಲಾಪುರದವನೇ ಆಗಿರುವುದರಿಂದ ನೇರ ಹೇಳಿಬಿಡ್ತೇನೆ: ಹತ್ತು ಹೋಟೆಲಿನ ಪಟ್ಟಿ ಕೊಡುವುದಿಲ್ಲ. ಇದು ಹೋಟೆಲಿನ ಊರೇ ಅಲ್ಲ. ಇಲ್ಲಿ ಹೆಸರಾದದ್ದು ಶೇಂಗಾ ಹಿಂಡಿ, ಅಂದರೆ ಹುರಿದ ಶೇಂಗಾ ಕುಟ್ಟಿ ಮಾಡಿದ ಖಾರದ ಚಟ್ನಿ, ಅದನ್ನು ತೂಗಿ ಕೊಡುತ್ತಾರೆ. ಇನ್ನೊಂದು ಖಡಕ್ ರೊಟ್ಟಿ, ಅದನ್ನು ಎಣಿಸಿ ಕೊಡುತ್ತಾರೆ. ಕೂತು ತಿನ್ನಬೇಕಾದದ್ದು ಮಟನ್ ಊಟ ಒಂದೇ. ಚಳಿಗಾಲವಾದರೆ ಹೊಲದ ಸೀತನಿಯೂ, ಅಂದರೆ ಸುಟ್ಟ ಎಳೆ ಜೋಳದ ಕಾಳೂ, ಸೇರುತ್ತದೆ.

ಹೊರಗಿನಿಂದ ಬಂದವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಎರಡು ದಿನ ಹೋಟೆಲ್ ಹುಡುಕುತ್ತಾ ಓಡಾಡಿ, ಭಾನುವಾರ ರಾತ್ರಿ ರೈಲಿಗೆ ಅರ್ಧ ತಾಸು ಇದೆ ಅನ್ನುವಾಗ ಬಸ್ ಸ್ಟ್ಯಾಂಡಿನ ಸುತ್ತ ಸಿಕ್ಕ ಅಂಗಡಿಯಲ್ಲಿ ಒಂದು ಕಿಲೋ ಹಿಂಡಿಯ ಪಾಕೀಟು ತುಂಬಿಕೊಳ್ಳುತ್ತಾರೆ. ಮನೆಗೆ ಹೋಗಿ ಅನ್ನಕ್ಕೆ ಕಲಸಿ, "ಇದೇನು, ಶೇಂಗಾ ಪುಡಿ ತಾನೆ" ಅಂತ ಮೂಗು ಮುರಿಯುತ್ತಾರೆ. ರುಚಿ ನೋಡಿ ಕೊಂಡಿಲ್ಲ, ಯಾವತ್ತು ಕುಟ್ಟಿದ್ದು ಅಂತ ಕೇಳಿಲ್ಲ, ಯಾವುದರ ಜೊತೆ ತಿನ್ನಬೇಕೋ ಆ ರೊಟ್ಟಿ ತಂದಿಲ್ಲ. ಇದನ್ನು ತಿರುವಿ ಹಾಕಿ. ಶನಿವಾರ ಬಂದ ಕೂಡಲೇ ಪೇಟೆಗೆ ಹೋಗಿ ಎರಡು ಬೇರೆ ಅಂಗಡಿಯಲ್ಲಿ ನೂರು ನೂರು ಗ್ರಾಂ ಹಿಂಡಿ, ಹತ್ತು ಖಡಕ್ ರೊಟ್ಟಿ ಕೊಳ್ಳಿ. ಎರಡು ದಿನ ಅದು ನಿಮ್ಮ ಚೀಲದಲ್ಲೇ ಇರಲಿ. ಮೊಸರು ಸಿಕ್ಕಲ್ಲಿ, ಉಳ್ಳಾಗಡ್ಡಿ ಸಿಕ್ಕಲ್ಲಿ ಬಿಚ್ಚಿ ತಿನ್ನಿ. ಊರಿಗೆ ಒಯ್ಯುವ ದೊಡ್ಡ ಖರೀದಿ ಭಾನುವಾರ, ಹಿಡಿಸಿದ ಅಂಗಡಿಯಲ್ಲಿ ಮಾತ್ರ. ಭಾನುವಾರ ಅದು ತೆರೆದಿರುತ್ತದೋ ಇಲ್ಲವೋ ಅಂತ ಶನಿವಾರವೇ ಕೇಳಿಟ್ಟುಕೊಳ್ಳಿ.

ಹಿಂಡಿಯನ್ನು ನೋಡಿ ಕೊಳ್ಳುವುದು ಹೇಗೆ ಅನ್ನುವುದಕ್ಕೆ ಅದು ಆಗುವುದು ಹೇಗೆ ಅಂತ ಗೊತ್ತಿರಬೇಕು. ಕಾಲು ಕಿಲೋ ಶೇಂಗಾ ಕಾಳಿಗೆ ಹತ್ತು-ಹನ್ನೆರಡು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಎರಡು ಚಮಚ ಖಾರದ ಪುಡಿ, ಒಂದು ಚಮಚ ಉಪ್ಪು. ಇಷ್ಟೇ. ಕೊಬ್ಬರಿ, ಹುಣಸೆ, ಸಕ್ಕರೆ ಏನೂ ಇಲ್ಲ. ಕಾಳನ್ನು ಸಣ್ಣ ಉರಿಯಲ್ಲಿ ಹದಿನೈದು ನಿಮಿಷದ ತನಕ, ಸಿಪ್ಪೆ ಬಿರಿದು ಒಳಗೆ ತಿಳಿ ಹೊಂಬಣ್ಣ ಬರುವಂತೆ ಹುರಿಯಬೇಕು. ಉರಿ ಜೋರಾದರೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಆ ಹಸಿ ವಾಸನೆಯನ್ನು ಎಷ್ಟು ಬೆಳ್ಳುಳ್ಳಿ ಹಾಕಿದರೂ ಮುಚ್ಚಲಾಗದು. ಆಮೇಲೆ ಪೂರ್ತಿ ಆರಬೇಕು. ಬಿಸಿ ಇರುವಾಗಲೇ ಕುಟ್ಟಿದರೆ ಎಣ್ಣೆ ಬೇಗ ಬಿಟ್ಟು ಮುದ್ದೆಯಾಗುತ್ತದೆ.

ಬೆಳ್ಳುಳ್ಳಿ, ಜೀರಿಗೆ, ಉಪ್ಪು ಮೊದಲು ಕುಟ್ಟಿ, ನಂತರ ಖಾರ, ಕೊನೆಗೆ ಶೇಂಗಾ ಹಿಡಿ ಹಿಡಿಯಾಗಿ. ಮಿಕ್ಸರಿನ ಬ್ಲೇಡು ಕಾಳನ್ನು ಕತ್ತರಿಸುತ್ತದೆ, ಕಾಯಿಸುತ್ತದೆ. ಮೊದಲು ಒಣ ಹಿಟ್ಟು, ಇನ್ನೆರಡು ಸುತ್ತು ತಿರುಗಿಸಿದರೆ ಬೆಣ್ಣೆ, ನಡುವೆ ನಿಲ್ಲುವ ಜಾಗವೇ ಇಲ್ಲ. ಕಲಬತ್ತಿನಲ್ಲೋ (ಕುಟ್ಟಾಣಿ) ಖಾರ ಕುಟ್ಟುವ ಮಶೀನಿನಲ್ಲೋ ಕಾಳು ಜಜ್ಜಿ ಜಜ್ಜಿ ಎಣ್ಣೆ ನಿಧಾನಕ್ಕೆ ಬರುತ್ತದೆ. ಬೆಳ್ಳುಳ್ಳಿಯ ರಸ, ಮೆಣಸಿನ ಬಣ್ಣ ಆ ಎಣ್ಣೆಯಲ್ಲಿ ಇಳಿಯುತ್ತವೆ. ಹಾಗಾಗಿ ಒಳ್ಳೆಯ ಹಿಂಡಿ ಪುಡಿಯಂತೆ ಹಾರುವುದಿಲ್ಲ. ಚಿಟಿಕೆ ಹಿಡಿದು ಒತ್ತಿದರೆ ಉಂಡೆಯಾಗುತ್ತದೆ, ಬೆರಳಿಗೆ ಎಣ್ಣೆ ಹತ್ತುತ್ತದೆ, ಬಿಟ್ಟರೆ ಹೆಂಟೆಯಾಗಿ ಉದುರುತ್ತದೆ. ನಡುನಡುವೆ ಅಲ್ಲಲ್ಲಿ ಒಡೆದ ಕಾಳು ಕಾಣಬೇಕು. ಪಾಕೀಟಿನ ತಳದಲ್ಲಿ ಎಣ್ಣೆ ನಿಂತಿದ್ದರೆ ಬಿಡಿ, ಮೇಲಿಂದ ಸುರಿದದ್ದು ಇಲ್ಲವೇ ಬಿಸಿಲಲ್ಲಿ ಇಟ್ಟದ್ದು. ಕಣ್ಣಿಗೆ ಹೊಡೆಯುವ ಕೆಂಪಾದರೂ ಬಿಡಿ.

ಅಂಗಡಿಯಲ್ಲಿ ಮಾಲು ಒಳ್ಳೆಯದೇ ಅಂತ ಕೇಳಬೇಡಿ, ಯಾರೂ ಇಲ್ಲ ಅನ್ನುವುದಿಲ್ಲ. "ಮಾವಶಿ (ಚಿಕ್ಕಮ್ಮ), ಇದು ಯಾವತ್ತು ಕುಟ್ಟಿದ್ದ್ರಿ?" ಅಂತ ಕೇಳಿ. ಕನ್ನಡದಲ್ಲೇ ಕೇಳಿ. ವಚನಕಾರ ಸೊನ್ನಲಿಗೆ ಸಿದ್ಧರಾಮನ ಊರು ಇದು, ಸೊನ್ನಲಿಗೆ ಅಂದರೆ ಸೋಲಾಪುರವೇ, ಹಳೇ ಪೇಟೆಯಲ್ಲಿ ಕನ್ನಡ ಬರುವವರು ಬೇಕಾದಷ್ಟು ಜನ ಸಿಗುತ್ತಾರೆ. ಪಾಕೀಟಿನ ಮೇಲಿನ ತಾರೀಖು ಪ್ಯಾಕ್ ಮಾಡಿದ ದಿನದ್ದು, ಕುಟ್ಟಿದ ದಿನದ್ದಾಗಿರಬೇಕೆಂದೇನಿಲ್ಲ. ಬಾಯಿಗೆ ಹಾಕಿಕೊಂಡಾಗ ಕೊನೆಯಲ್ಲಿ ಹಳೇ ಎಣ್ಣೆಯ ಕಹಿ ನಾಲಿಗೆಯ ಹಿಂಬದಿಗೆ ಹತ್ತಿದರೆ ಮುಂದಿನ ಅಂಗಡಿಗೆ ನಡೆಯಿರಿ. ಮನೆಗೆ ಬಂದ ಮೇಲೆ ಪ್ಲಾಸ್ಟಿಕ್ಕಿನಿಂದ ತೆಗೆದು ಗಾಜಿನ ಭರಣಿಗೆ ಹಾಕಿ, ಒಣ ಚಮಚ ಮಾತ್ರ ಬಳಸಿ. ಹಸಿ ಬೆಳ್ಳುಳ್ಳಿ ಇರುವುದರಿಂದ ನೀರಿನ ಹನಿ ಬಿದ್ದರೆ ಕೆಟ್ಟೇ ಹೋಗುತ್ತದೆ. ಒಂದು ತಿಂಗಳಲ್ಲಿ ಮುಗಿಯುವಷ್ಟೇ ತನ್ನಿ. ನಾಲ್ಕು ಜನರ ಮನೆಗೆ ಅರ್ಧ ಕಿಲೋ ಧಾರಾಳ.

ಇನ್ನು ರೊಟ್ಟಿ. ಬೋರ್ಡಿನಲ್ಲಿ ಕಡಕ್ ಭಾಕರಿ ಅಂತ ಇರುತ್ತದೆ. ಜೋಳದ್ದೂ ಸಜ್ಜೆಯದ್ದೂ ಸಿಗುತ್ತವೆ, ಎರಡನ್ನೂ ಅರ್ಧರ್ಧ ಕೊಳ್ಳಿ. ಈ ಸೀಮೆಯ ಜೋಳ ಹಿಂಗಾರಿನದು, ಮಾಲದಂಡಿ ತಳಿ. ಪಕ್ಕದ ಮಂಗಳವೇಢೆಯ ಜೋಳಕ್ಕೆ ಜಿಐ ಟ್ಯಾಗೇ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಇದೆ. ಬಿಸಿನೀರಲ್ಲಿ ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ನೀರು ಸವರಿ ಸುಟ್ಟ ರೊಟ್ಟಿಯನ್ನು ಒಲೆಯ ಬದಿಗೆ ನಿಲ್ಲಿಸಿ ಪೂರ್ತಿ ನೀರು ಆರಿಸುತ್ತಾರೆ. ಆ ಕೊನೆಯ ಕೆಲಸದಲ್ಲಿ ಅವಸರ ಮಾಡಿದರೆ ಅಂಚು ಗರಿಗರಿ, ನಡು ಮೆತ್ತಗೆ. ನಾಲ್ಕೇ ದಿನಕ್ಕೆ ಬೂಸು ಹಿಡಿಯುವುದು ಆ ನಡುವಿಗೇ. ಕೊಳ್ಳುವಾಗ ಒಂದನ್ನು ನಡುಮಧ್ಯಕ್ಕೆ ಮುರಿದು ನೋಡಿ. ಟಕ್ ಅಂದರೆ ಸರಿ, ಬಾಗಿದರೆ ಬೇಡ. ಎಳ್ಳು-ಜೀರಿಗೆ ಹಾಕಿದ್ದಿದ್ದರೆ ಅದನ್ನೇ ಆರಿಸಿ.

ಚಿಪ್ಸಿನ ಹಾಗೆ ಒಣದಾಗಿ ಕಡಿದು "ಗಂಟಲಿಗೆ ಇಳಿಯಲ್ಲ" ಅನ್ನಬೇಡಿ. ಬಟ್ಟಲಲ್ಲಿ ಎರಡು ಚಮಚ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು, ಅರ್ಧ ಚಮಚ ಹಸಿ ಶೇಂಗಾ ಎಣ್ಣೆ, ಪಕ್ಕಕ್ಕೆ ಗುದ್ದಿದ ಉಳ್ಳಾಗಡ್ಡಿ. ರೊಟ್ಟಿ ಮುರಿದು ಅದರಲ್ಲಿ ಅದ್ದಿ ಹತ್ತು ಎಣಿಸುವಷ್ಟು ಹೊತ್ತು ಬಿಡಿ. ಮೇಲ್ಪದರ ನೆನೆದು ಒಳಗೆ ಇನ್ನೂ ಕಟುಂ ಅನ್ನಬೇಕು, ಅದೇ ಹದ. ಮಟನ್ ತಿನ್ನದ ನಿಮ್ಮ ಗೆಳೆಯರಿಗೆ ಪ್ರತ್ಯೇಕ ಪಟ್ಟಿ ಬೇಕು ಅಂದಿರಿ. ಬೇಕಿಲ್ಲ, ಈ ಊರಲ್ಲಿ ಅವರದ್ದೇ ಮೇಲುಗೈ. ಪುಂಡಿ (ಗೋಂಗುರ) ಪಲ್ಯ, ಕಡಲೆಹಿಟ್ಟಿನ ಝುಣಕ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಸಿಗುವ ಖಾನಾವಳಿ ಹುಡುಕಿ. ಪುಂಡಿ ಪಲ್ಯದಲ್ಲಿ ತೊಗರಿಬೇಳೆಯ ಜೊತೆ ಜೋಳದ ನುಚ್ಚು ಬಿದ್ದಿದೆಯೋ ಕೇಳಿ. ನುಚ್ಚಿಲ್ಲದಿದ್ದರೆ ಹುಳಿ ಹಲ್ಲು ಜುಮ್ಮೆನಿಸುತ್ತದೆ.

ಮಟನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಹೊಗಳುವವರು ಬೇಕಾದಷ್ಟು ಇದ್ದಾರೆ. ಥಾಳಿ ತಗೊಂಡರೆ ಮೊದಲು ಅಳಣಿ ಕೇಳಿ. ಅರಿಶಿನ, ಉಪ್ಪು, ಶುಂಠಿ-ಬೆಳ್ಳುಳ್ಳಿ ಹಾಕಿ ಮಾಂಸ ಬೇಯಿಸಿದ ಖಾರವಿಲ್ಲದ ತಿಳಿ ಅದು. ಅದೇ ತಿಳಿಗೆ ಕಾಳಾ (ಕಪ್ಪು) ಮಸಾಲೆ ಬಿದ್ದು ರಸ್ಸಾ, ಅಂದರೆ ಖಾರದ ಸಾರು, ಆಗುತ್ತದೆ, ಹಾಗಾಗಿ ಅಳಣಿ ಸಪ್ಪೆಯಾದ ಕಡೆ ರಸ್ಸಾದಲ್ಲಿ ಬರೀ ಖಾರ ಇರುತ್ತದೆ, ರುಚಿ ಇರುವುದಿಲ್ಲ. ಚಪಾತಿ ಬೇಡ, ಬಿಸಿ ರೊಟ್ಟಿ ಹೇಳಿ. ಮಧ್ಯಾಹ್ನ ಹನ್ನೆರಡೂವರೆಯೊಳಗೆ ಹೋಗಿ ಕೂರಿ. ಭಾನುವಾರ ಇಡೀ ಊರಿಗೆ ಮಟನ್ ದಿನ, ತಡವಾದರೆ ಕೇಳುವ ಮೊದಲೇ ಅಳಣಿ ಮುಗಿದಿರುತ್ತದೆ. ಆದ್ದರಿಂದ ಮಟನ್ ಶನಿವಾರಕ್ಕೇ ಮುಗಿಸಿ. ಶ್ರಾವಣದಲ್ಲಿ ಬಂದರೆ ಅದರ ಆಸೆ ಬಿಟ್ಟೇ ಬನ್ನಿ. ಸಾವಜಿ ಸಮುದಾಯದ ಖಾರದ ಮಾಂಸದೂಟವೂ ಇಲ್ಲಿ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಅದನ್ನು ಹುಬ್ಬಳ್ಳಿಯಲ್ಲೂ ತಿನ್ನಬಹುದು, ಎರಡೇ ದಿನದಲ್ಲಿ ಒಂದು ಹೊತ್ತು ಅದಕ್ಕೆ ಕೊಡಬೇಡಿ.

ಯಾವ ತಿಂಗಳು ಬರ್ತೀರಿ ಅಂತ ನೀವು ಬರೆದಿಲ್ಲ. ತಾರೀಖು ನಿಮ್ಮ ಕೈಯಲ್ಲಿದ್ದರೆ ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ ಇಡಿ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ (ಬೆರಣಿ) ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಕೊಡುವ ಸೀತನಿ, ಮರಾಠಿಯವರ ಹುರ್ಡಾ, ಆಗ ಮಾತ್ರ. ಊರ ಸುತ್ತಲಿನ ಹೊಲಗಳಲ್ಲಿ ತಲೆಗಿಷ್ಟು ಅಂತ ತಗೊಂಡು ಹುರ್ಡಾ ಪಾರ್ಟಿ ಮಾಡುತ್ತಾರೆ. ಮುಂಚೆ ಫೋನ್ ಮಾಡಿ ಎರಡೇ ಮಾತು ಕೇಳಿ: ತೆನೆ ಯಾವ ತಳಿಯದು, ಇವತ್ತೇ ಕೊಯ್ದದ್ದೋ. ಸುರತಿ, ಗುಳಭೇಂಡಿ ಅಂದರೆ ಹೋಗಿ, ಅವು ಸೀತನಿಗೆಂದೇ ಬೆಳೆಯುವಂಥವು. ಒಂದು ಹೊಲದ ತೆನೆ ಆ ಹದದಲ್ಲಿ ಇರುವುದು ಕೆಲವೇ ದಿನ, ಬಲಿತರೆ ಬರೀ ಜೋಳ ಅಗಿದಂತೆ. ಮುಂಜಾನೆ ಹೋಗಿ ಒಲೆಯ ಪಕ್ಕವೇ ಕೂತು ತಿನ್ನಿ. ತಟ್ಟೆ ತುಂಬಿಸಿಕೊಂಡು ದೂರ ಕೂತು ಫೋಟೋ ತೆಗೆಯುವಷ್ಟರಲ್ಲಿ ತಣ್ಣಗಾಗಿ ಕಾಳು ಗಟ್ಟಿಯಾಗುತ್ತದೆ. ಜೊತೆಗೆ ಹಿಂಡಿ, ಬೆಲ್ಲ, ಮೊಸರು ಅವರೇ ಕೊಡುತ್ತಾರೆ. ನಿಮ್ಮ ಚೀಲದ ಹಿಂಡಿ ಇದ್ದರೆ ಅವರದ್ದರ ಪಕ್ಕಕ್ಕಿಟ್ಟು ತೂಗಿ ನೋಡಿ.

ಸಂಕ್ರಾಂತಿಯ ಸುತ್ತ ಸಿದ್ಧೇಶ್ವರನ ಗಡ್ಡಾ ಜಾತ್ರೆ. ನಂದಿಕೋಲು ನೋಡಬೇಕೆಂದರೆ ಬನ್ನಿ, ಭೋಗಿಯ ದಿನ (ಸಂಕ್ರಾಂತಿಯ ಹಿಂದಿನ ದಿನ) ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಆಗ ಸಿಗುತ್ತದೆ. ಆದರೆ ರೂಮು ಮೊದಲೇ ಹಿಡಿಯಬೇಕು, ಜನಸಂದಣಿಯಲ್ಲಿ ನಾಲ್ಕು ಜನ ಒಟ್ಟಿಗೆ ಇರುವುದೂ ಕಷ್ಟ. ತಿನ್ನುವುದಕ್ಕೇ ಬರುವವರು ಜಾತ್ರೆಗೆ ಮುಂಚಿನ ವಾರಾಂತ್ಯ ಹಿಡಿಯಲಿ. ಏಪ್ರಿಲ್-ಮೇ ಬೇಡವೇ ಬೇಡ. ಮಧ್ಯಾಹ್ನ ಹೊರಗೆ ಕಾಲಿಡಲಾಗದ ಬಿಸಿಲು, ರಸ್ಸಾ ಎದುರಿಗೆ ಬಂದರೂ ಮಜ್ಜಿಗೆಯೇ ಬೇಕೆನಿಸುತ್ತದೆ.

ಚಿವಡಾ ಕೇಳಿದ್ದಿರಿ. ಪೇಟೆಯಲ್ಲಿ ಸಿಗುವ ಅವಲಕ್ಕಿ ಚಿವಡಾಕ್ಕಿಂತ ಪುಣೆ ಹೆದ್ದಾರಿಯಲ್ಲಿ ಮೋಹೋಳಕ್ಕಿಂತ ಮೊದಲು ಬರುವ ಲಾಂಬೋಟಿಯ ಮೆಕ್ಕೆಜೋಳದ ಚಿವಡಾ ವಾಸಿ. ಕಾರಿನಲ್ಲಿ ಬಂದಿದ್ದರೆ ಹೋಗಿ, ರೈಲಿನವರು ಅದಕ್ಕಾಗಿ ಅರ್ಧ ದಿನ ಕಳೆಯಬೇಕಿಲ್ಲ.

ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ವಾಪಸ್ ಹೋಗುವವರು ರೊಟ್ಟಿಯನ್ನು ಬೆನ್ನಚೀಲಕ್ಕೆ ತುರುಕಬೇಡಿ. ಅಂಗಡಿಯವರ ಬಳಿ ರಟ್ಟಿನ ಡಬ್ಬಿ ಕೇಳಿ ಪಡೆದು, ತಳಕ್ಕೂ ಮೇಲಕ್ಕೂ ಪೇಪರ್ ಮಡಿಸಿ ಇಟ್ಟು, ರೊಟ್ಟಿ ಮಲಗಿಸಿ ಜೋಡಿಸಿ. ನಿಲ್ಲಿಸಿ ಇಟ್ಟರೆ ಅಂಚು ಪುಡಿಯಾಗುತ್ತದೆ. ಡಬ್ಬಿ ಮೇಲಿನ ಬರ್ತಿನ ತಲೆದಿಸೆಗೆ ಇರಲಿ, ಸೀಟಿನಡಿ ಇಟ್ಟರೆ ಯಾರಾದರೂ ಸೂಟ್‌ಕೇಸು ತಳ್ಳುತ್ತಾರೆ. ಬೆಂಗಳೂರಿನ ಮಳೆಗಾಲದಲ್ಲಿ ಮೆತ್ತಗಾದರೆ ಸಣ್ಣ ಉರಿಯ ಹಂಚಿನ ಮೇಲೆ ಎರಡೂ ಮಗ್ಗುಲು ಒತ್ತಿ ಬಿಸಿ ಮಾಡಿ, ಮತ್ತೆ ಗರಿಯಾಗುತ್ತದೆ. ಅಷ್ಟಾದರೂ ಕೆಲವು ಮುರಿದೇ ಮುರಿಯುತ್ತವೆ. ಆ ಚೂರಿಗಾಗಿ ಸಾಸಿವೆ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆ ಮಾಡಿ, ಅದಕ್ಕೆ ಒಂದು ಲೋಟ ನೀರು ಹಾಕಿ ಕುದಿಸಿ, ಉರಿ ಆರಿಸಿದ ಮೇಲೆ ಚೂರು ಸುರಿದು ಐದು ನಿಮಿಷ ಮುಚ್ಚಿಡಿ. ನೀರು ಕುದಿಯುವಾಗಲೇ ಹಾಕಿದರೆ ಗಂಜಿಯಾಗುತ್ತದೆ.