ಹೌದೆನ್ನುವ ಅಜ್ಜಿ, ಏರುವ ಆಲ್ಫಾ

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ಹಿರಿಯರ ಖಿನ್ನತೆಯನ್ನು ಅಳೆಯುವ ಜಿಡಿಎಸ್ ಎಂಬ 15 ಪ್ರಶ್ನೆಗಳ ಮಾಪನಿಯನ್ನು ಕನ್ನಡಕ್ಕೆ ತಂದು ಮಂಡ್ಯ ಮತ್ತು ನಾಗಮಂಗಲ ತಾಲ್ಲೂಕಿನ ಹಳ್ಳಿಗಳಲ್ಲಿ ಕೇಳಿದೆ. ಪ್ರಶ್ನೆಗಳ ಉತ್ತರಗಳು ತಮ್ಮತಮ್ಮಲ್ಲಿ ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರಾನ್‌ಬಾಕ್ ಆಲ್ಫಾ ಎಂಬ ಅಂಕಿ, ವಾಡಿಕೆಯಲ್ಲಿ ಸಾಕೆನ್ನುವ 0.70 ಮುಟ್ಟಲಿಲ್ಲ. ಐದು ಪ್ರಶ್ನೆಗಳನ್ನು ಕೈಬಿಟ್ಟ ಮೇಲೆ 0.80 ದಾಟಿತು. ‘ಸಾಕು, ಇನ್ನು ಬರೆದುಬಿಡು’ ಎಂದು ಮಾರ್ಗದರ್ಶಕರು ಹೇಳುತ್ತಾರೆ. ಬರೆಯಲೇ?
— ಓದುಗರೊಬ್ಬರು, ಮಂಡ್ಯ

ಉತ್ತರ: ಬರೆಯಬೇಡಿ. ನೀವು ಕೈಬಿಟ್ಟದ್ದು 1, 5, 7, 11 ಮತ್ತು 13ನೆಯ ಪ್ರಶ್ನೆಗಳನ್ನು ಎಂದು ಜೊತೆಗಿಟ್ಟ ಹಾಳೆಯಿಂದ ತಿಳಿಯಿತು. ಬದುಕಿನ ಬಗ್ಗೆ ತೃಪ್ತಿ ಇದೆಯೇ, ಮನಸ್ಸು ಗೆಲುವಾಗಿರುತ್ತದೆಯೇ, ಹೆಚ್ಚು ಹೊತ್ತು ಸಂತೋಷವಾಗಿರುತ್ತೀರಾ, ಬದುಕಿರುವುದೇ ಚೆನ್ನ ಎನಿಸುತ್ತದೆಯೇ, ಮೈಯಲ್ಲಿ ಹುರುಪಿದೆಯೇ. ಈ ಐದಕ್ಕೆ ಮಾತ್ರ ‘ಇಲ್ಲ’ ಎಂದವರಿಗೆ ಒಂದು ಅಂಕ. ಉಳಿದ ಹತ್ತಕ್ಕೆ ‘ಹೌದು’ ಎಂದವರಿಗೆ ಅಂಕ. ಹೀಗೆ ಬೆರೆಸಿಟ್ಟಿರುವುದಕ್ಕೆ ಕಾರಣವಿದೆ. ಕೇಳಿದ್ದಕ್ಕೆಲ್ಲ ತಲೆಯಾಡಿಸುವವರು ಯಾವ ಊರಿನಲ್ಲಿಲ್ಲ? ಬಿಳಿ ಕೋಟು ತೊಟ್ಟ ಹುಡುಗಿ ಜಗಲಿಯ ಮೇಲೆ ಕುಳಿತು ಪ್ರೀತಿಯಿಂದ ಕೇಳುವಾಗ ‘ಇಲ್ಲ’ ಎಂದು ಅವಳ ಮನಸ್ಸು ನೋಯಿಸಲು ನಮ್ಮ ಅಜ್ಜಿಯರಿಗೆ ಇಷ್ಟವಿರುವುದಿಲ್ಲ. ಅಂಥ ಅಜ್ಜಿ ನೀವು ಉಳಿಸಿಕೊಂಡ ಹತ್ತು ಪ್ರಶ್ನೆಗಳಲ್ಲಿ ಹತ್ತಕ್ಕೆ ಹತ್ತು ಪಡೆದು ತೀವ್ರ ಖಿನ್ನತೆಯ ಪಟ್ಟಿಗೆ ಸೇರುತ್ತಾರೆ. ಬೇಸರದಿಂದ ಎಲ್ಲದಕ್ಕೂ ‘ಇಲ್ಲ, ಹೋಗಮ್ಮ’ ಎಂದ ಅಜ್ಜ ಪೂರ್ಣ ಆರೋಗ್ಯವಂತರಾಗುತ್ತಾರೆ! ಉತ್ತರಗಳು ಒಂದರ ಜೊತೆ ಒಂದು ಹೋಗುತ್ತಿವೆಯೇ ಎಂಬುದಷ್ಟನ್ನೇ ಆಲ್ಫಾ ಹೇಳುತ್ತದೆ. ಅವು ದುಃಖದಿಂದಾಗಿ ಜೊತೆಯಾದವೋ, ದಾಕ್ಷಿಣ್ಯದಿಂದಾಗಿ ಜೊತೆಯಾದವೋ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು ಅನಾಹುತ: ಮೂಲದಲ್ಲಿ 15ಕ್ಕೆ 5ರ ಆಸುಪಾಸಿನಲ್ಲಿ ಗೆರೆ ಎಳೆದು, ಅದನ್ನು ದಾಟಿದವರಲ್ಲಿ ಖಿನ್ನತೆ ಇರಬಹುದು ಎನ್ನುತ್ತಾರೆ. ನಿಮ್ಮದು ಈಗ ಹತ್ತು ಪ್ರಶ್ನೆಗಳ ಬೇರೆಯದೇ ಮಾಪನಿ. ಆ ಗೆರೆ ಇಲ್ಲಿ ನಡೆಯುವುದಿಲ್ಲ.

ಮೊದಲು ಕಂಪ್ಯೂಟರ್ ತೆರೆದು, ಆ ಐದರ ಅಂಕಗಳನ್ನು ತಿರುವಿ ಹಾಕಿದ್ದೀರೋ ಇಲ್ಲವೋ ನೋಡಿ. ಐದೂ ಪ್ರಶ್ನೆಗಳು ಒಟ್ಟು ಅಂಕದೊಡನೆ ಋಣ ಸಹಸಂಬಂಧ (ಒಂದು ಏರಿದರೆ ಇನ್ನೊಂದು ಇಳಿಯುವ ನಂಟು) ತೋರುತ್ತಿದ್ದರೆ ದೋಷ ಹಿರಿಯರ ಉತ್ತರದಲ್ಲಿರದೆ ಎಕ್ಸೆಲ್ ಹಾಳೆಯಲ್ಲೇ ಇರಬಹುದು. ಮಾನಸಗಂಗೋತ್ರಿಯಲ್ಲಿ ಪ್ರಬಂಧ ತಿದ್ದುತ್ತಿದ್ದ ವರ್ಷಗಳಲ್ಲಿ ನಾನು ಮೊದಲು ಹುಡುಕುತ್ತಿದ್ದದ್ದೇ ಇದನ್ನು.

ಅದು ಸರಿಯಿದೆ ಎಂದಾದರೆ ಪ್ರಶ್ನೆ ಕೇಳಿದ ಗಳಿಗೆಯನ್ನು ನೆನಪು ಮಾಡಿಕೊಳ್ಳಿ. ಮಗ ಸೊಸೆ ಬಾಗಿಲಲ್ಲೇ ನಿಂತಿದ್ದರೇ? ಅವರ ಎದುರಿಗೆ ‘ನನಗೆ ತೃಪ್ತಿ ಇಲ್ಲ’ ಎನ್ನುವ ತಾಯಿ ಅಪರೂಪ. ‘ದೇವರು ಇಟ್ಟ ಹಾಗೆ ಇದ್ದೇನೆ’ ಎಂದವರಿಗೆ ಯಾವ ಚೌಕದಲ್ಲಿ ಗುರುತು ಹಾಕಿದಿರಿ? ಜೊತೆಗೆ ಬಂದ ಗೆಳತಿ ಅದೇ ಮಾತಿಗೆ ಎಲ್ಲಿ ಹಾಕಿದರು? ಇಬ್ಬರೂ ಒಂದೇ ಸಂದರ್ಶನದಲ್ಲಿ ಕುಳಿತು, ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣದಂತೆ ಗುರುತು ಹಾಕಿ, ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಲೆಕ್ಕವನ್ನು ಮಾಡಿ. ಆಕಸ್ಮಿಕವಾಗಿ ಹೊಂದಿಕೆಯಾದದ್ದನ್ನು ಕಳೆದು ಉಳಿದ ಹೊಂದಾಣಿಕೆಯನ್ನು ಅದು ತೋರಿಸುತ್ತದೆ. ಓದಲು ಬಾರದವರಿಗೆ ಬಾಯಿಮಾತಿನಲ್ಲಿ ಕೇಳುವ ಮಾಪನಿಗೆ ನನ್ನ ಮಟ್ಟಿಗೆ ಇದು ಆಲ್ಫಾಕ್ಕಿಂತ ಮುಖ್ಯ. ಆದರೂ ನಮ್ಮ ಪ್ರಬಂಧಗಳಲ್ಲಿ ಇದನ್ನು ಯಾಕೆ ಬಿಡುತ್ತಾರೋ ನನಗೆ ತಿಳಿಯದು.

ಉತ್ತರ ಸ್ಥಿರವಾಗಿದೆಯೇ ಎಂದು ತಿಳಿಯಲು ಅದೇ ಹಿರಿಯರನ್ನು ಮತ್ತೆ ಕೇಳುವುದಾದರೆ ಒಂದೆರಡು ವಾರದ ಅಂತರ ಸಾಕು. ಜಿಡಿಎಸ್ ಕೇಳುವುದು ಕಳೆದ ಒಂದು ವಾರದ ಮನಸ್ಥಿತಿಯನ್ನು. ಮೂರು ತಿಂಗಳು ಬಿಟ್ಟು ಹೋದರೆ ಮನಸ್ಸೇ ಬದಲಾಗಿರುತ್ತದೆ, ಆ ತಪ್ಪನ್ನು ಮಾಪನಿಯ ತಲೆಗೆ ಕಟ್ಟಬೇಕಾಗುತ್ತದೆ.

ಈಗ ಸಿಂಧುತ್ವ, ಅಂದರೆ ಮಾಪನಿ ಅಳೆಯಬೇಕಾದ್ದನ್ನೇ ಅಳೆಯುತ್ತಿದೆಯೇ ಎಂಬುದು. ಎರಡು ಸೀಮೆಗಳಲ್ಲಿ ಕೇಳಿದ್ದು ಒಳ್ಳೆಯದಾಯಿತು. ಬಹಳಷ್ಟು ಜನ ನಿಮಗಿಂತ ಚೆನ್ನಾಗಿದ್ದಾರೆ ಎನಿಸುತ್ತದೆಯೇ ಎಂಬುದು 15ನೆಯ ಪ್ರಶ್ನೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಯವರ ಮಾತು ಬಿಡಿ. ಮಳೆ ನಂಬಿ ರಾಗಿ, ಹುರುಳಿ ಬಿತ್ತುವ ನಾಗಮಂಗಲದ ಅಜ್ಜ ಇದಕ್ಕೆ ‘ಹೌದು’ ಎಂದರೆ ಅದು ಖಿನ್ನತೆಯೇ? ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೇ. ಒಟ್ಟು ಅಂಕ ಒಂದೇ ಆಗಿರುವ ನೀರಾವರಿಯವರನ್ನೂ ಖುಷ್ಕಿಯವರನ್ನೂ ಪಕ್ಕಪಕ್ಕ ಇಟ್ಟು, ಈ ಪ್ರಶ್ನೆಯಲ್ಲಿ ಮಾತ್ರ ಅವರು ಬೇರೆಯಾಗುತ್ತಾರೆಯೇ ನೋಡಿ. ಬೇರೆಯಾದರೆ ಆ ಪ್ರಶ್ನೆ ಜಮೀನನ್ನು ಅಳೆಯುತ್ತಿದೆ. ಹೊರಗೆ ಹೋಗುವುದಕ್ಕಿಂತ ಮನೆಯಲ್ಲಿರುವುದೇ ಇಷ್ಟವೇ ಎನ್ನುವ 9ನೆಯದ್ದರ ಮೇಲೂ ನನಗೆ ಅನುಮಾನ: ಮಂಡಿನೋವಿನವರೆಲ್ಲ ಅದರಲ್ಲಿ ಸಿಕ್ಕಿಬೀಳುತ್ತಾರೆ. ಒಂದಷ್ಟು ಹಿರಿಯರನ್ನಾದರೂ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋವೈದ್ಯರು ನೋಡುವಂತೆ ಕೇಳಿಕೊಳ್ಳಿ. ನಿಮ್ಮ ಅಂಕ ಅವರಿಗೆ ತಿಳಿದಿರಬಾರದು. ಅವರ ನಿರ್ಣಯದ ಜೊತೆ ಹೋಲಿಸಿಯೇ ನಮ್ಮ ಜನರಿಗೆ ಗೆರೆ ಎಲ್ಲಿ ಎಳೆಯಬೇಕೆಂದು ಗೊತ್ತುಮಾಡಬೇಕು.

ಕಡೆಯದಾಗಿ, ಇದೇ ಮಾಪನಿಯನ್ನು ಕನ್ನಡಕ್ಕೆ ತಂದವರು ನಿಮಗಿಂತ ಮೊದಲೇ ಇದ್ದಾರೆ. ಅದನ್ನು ತರಿಸಿಕೊಂಡು ನಿಮ್ಮದರ ಪಕ್ಕದಲ್ಲಿಟ್ಟು ನೋಡಿ. ಜಿಡಿಎಸ್ ಬಳಸಲು ಯಾರ ಅಪ್ಪಣೆಯೂ ಬೇಡ. ಎಲ್ಲ ಮಾಪನಿಗಳೂ ಹೀಗೆ ಮುಕ್ತವಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ: ನಾನು ನಿವೃತ್ತ ಇಂಗ್ಲಿಷ್ ಅಧ್ಯಾಪಕ. ಆತಂಕದ ಮಾಪನಿಯೊಂದರ ಕನ್ನಡ ರೂಪವನ್ನು ಮತ್ತೆ ಇಂಗ್ಲಿಷಿಗೆ ಮಾಡಿಕೊಟ್ಟೆ. ಮೂಲಕ್ಕೂ ನನ್ನದಕ್ಕೂ ಬಹುತೇಕ ವ್ಯತ್ಯಾಸವೇ ಇರಲಿಲ್ಲ. ಇದಕ್ಕಿಂತ ಹೆಚ್ಚಿನ ಪುರಾವೆ ಬೇಕೇ?
— ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಬೇಕು ಸರ್. ಬ್ರಿಸ್ಲಿನ್ 1970ರಲ್ಲಿ ಬರೆದ ಲೇಖನದಿಂದ ಹೆಸರಾದ ಈ ಹಿಮ್ಮರಳಿ ಅನುವಾದ ಒಳ್ಳೆಯ ಕ್ರಮವೇ. ಆದರೆ ಕನ್ನಡಕ್ಕೆ ತಂದವರೂ ತಾವೂ ಇಬ್ಬರೂ ಇಂಗ್ಲಿಷ್ ಬಲ್ಲವರು. ಕನ್ನಡದ ವಾಕ್ಯ ಎಷ್ಟು ತೊಡರಾಗಿದ್ದರೂ ಅದರ ಹಿಂದಿನ ಇಂಗ್ಲಿಷನ್ನು ತಾವು ಊಹಿಸಿಬಿಡುತ್ತೀರಿ. ದೇವರಾಜ ಮಾರುಕಟ್ಟೆಯ ಹೂವಿನವರು ಊಹಿಸಲಾರರು. ಹೊಂದಾಣಿಕೆ ಕಂಡಾಗ ತಮ್ಮ ಇಂಗ್ಲಿಷ್ ಚೆನ್ನಾಗಿದೆ ಎಂಬುದಂತೂ ಖಚಿತವಾಯಿತು. ಇನ್ನು ಓದುವವರನ್ನು ಕೂರಿಸಿಕೊಂಡು, ಪ್ರತಿ ಪ್ರಶ್ನೆಯೂ ಏನು ಕೇಳುತ್ತಿದೆ ಎಂದು ಅವರ ಮಾತಿನಲ್ಲೇ ಹೇಳಿಸಬೇಕು.

ಪ್ರಶ್ನೆ: ಮಾಪನಿಯ ಅಂಕಗಳನ್ನು ಎಷ್ಟು ನೆಚ್ಚಬಹುದು ಎಂದು ಹೇಳುವ ವಿಶ್ವಾಸಾರ್ಹತೆಯ ಸೂತ್ರವೊಂದಕ್ಕೂ ಮೈಸೂರಿಗೂ ನಂಟಿದೆ ಎಂದು ಕೇಳಿದ್ದೇನೆ. ನಿಜವೇ?
— ಬಿ.ಎ. ವಿದ್ಯಾರ್ಥಿ, ಮೈಸೂರು

ಉತ್ತರ: ಸೂತ್ರ ಇಲ್ಲಿಯದಲ್ಲ, ಗುರುಶಿಷ್ಯರ ನಂಟು ನಿಜ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಆ ಸೂತ್ರ ಕೊಟ್ಟವರಲ್ಲೊಬ್ಬರಾದ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಪ್ರಸಾರ ಆರಂಭಿಸಿದವರೂ ಇವರೇ, ಆದ್ದರಿಂದ ಊರಿಗೆ ನೆನಪಿರುವುದು ರೇಡಿಯೋ ಮಾತ್ರ. ಸ್ಪಿಯರ್‌ಮನ್ ಮತ್ತು ಬ್ರೌನ್ 1910ರಲ್ಲಿ ಒಂದೇ ಸೂತ್ರವನ್ನು ಬೇರೆ ಬೇರೆಯಾಗಿ ಪ್ರಕಟಿಸಿದರು. ಪ್ರಶ್ನಾವಳಿಯನ್ನು ಎರಡು ಭಾಗ ಮಾಡಿ, ಎರಡರ ಅಂಕಗಳ ಸಹಸಂಬಂಧ 0.60 ಬಂದರೆ, ಪೂರ್ತಿ ಪ್ರಶ್ನಾವಳಿಯ ವಿಶ್ವಾಸಾರ್ಹತೆ ಎಷ್ಟು? ಎರಡರಿಂದ ಗುಣಿಸಿದರೆ 1.20, ಅದನ್ನು 1.60ರಿಂದ ಭಾಗಿಸಿ: 0.75. ಇದೇ ಸೂತ್ರದ ಪ್ರಕಾರ ಅಂಥವೇ ಪ್ರಶ್ನೆಗಳನ್ನು ಮತ್ತಷ್ಟು ಸೇರಿಸುತ್ತ ಹೋದರೆ ಅಂಕಿ ಮೇಲೇರುತ್ತಲೇ ಇರುತ್ತದೆ. ಹಾಗಾಗಿ ತಮ್ಮ ಮಾಪನಿಗೆ 0.90 ಬಂದಿದೆ ಎಂದು ಯಾರಾದರೂ ಬೀಗಿದರೆ, ಪ್ರಶ್ನೆಗಳು ಎಷ್ಟು ಎಂದು ಮೊದಲು ಕೇಳಿ.