4 ಜಿಬಿ ಲ್ಯಾಪ್‌ಟಾಪ್‌ಗೆ ಎಮ್ಯುಲೇಟರ್ ಬೇಡ, ಕ್ಲೌಡ್ ಸಾಕು
ಕೋಲಾರ ಎಪಿಎಂಸಿಯ ಟೊಮೆಟೊ ದರ ತೋರಿಸುವ ಆ್ಯಪ್ ಮಾಡಿದ್ದೀರಿ, 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲೇ ಓಡುವ ನಕಲಿ ಫೋನ್) ಏಳುತ್ತಿಲ್ಲ, ಕ್ಲೌಡ್‌ನಲ್ಲಿ ಟೆಸ್ಟ್ ಮಾಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಬಹುದು.

ಗೂಗಲ್‌ನ ಫೈರ್‌ಬೇಸ್ ಕನ್ಸೋಲ್‌ನಲ್ಲಿ ಪ್ರಾಜೆಕ್ಟ್ ತೆರೆದು, ಅಲ್ಲಿರುವ ಟೆಸ್ಟ್ ಲ್ಯಾಬ್‌ಗೆ ಎಪಿಕೆ (ಆ್ಯಪ್‌ನ ಇನ್‌ಸ್ಟಾಲ್ ಫೈಲ್) ಹಾಕಿ, ರೋಬೊ ಟೆಸ್ಟ್ ಆರಿಸಿ. ಕೋಡ್ ಬರೆಯುವುದೇ ಬೇಡ. ರೋಬೊ ತಾನೇ ಆ್ಯಪ್‌ನ ಬಟನ್‌ಗಳನ್ನು ಒತ್ತುತ್ತಾ ಹೋಗಿ, ಕ್ರ್ಯಾಶ್ ಆದರೆ ಲಾಗ್ (ಏನೇನಾಯಿತು ಎಂಬ ದಾಖಲೆ), ವಿಡಿಯೊ ಎರಡೂ ಕೊಡುತ್ತದೆ. ಲಾಗಿನ್ ಇದ್ದರೆ ಟೆಸ್ಟ್ ಖಾತೆಯ ಪಾಸ್‌ವರ್ಡ್ ಮೊದಲೇ ಕೊಡಿ. ಇಲ್ಲದಿದ್ದರೆ ಅದು ಮೊದಲ ಪರದೆಯಲ್ಲೇ ಸುಮ್ನೆ ತಡಕಾಡುತ್ತದೆ.

ಉಚಿತ ಸ್ಪಾರ್ಕ್ ಪ್ಲಾನ್‌ನಲ್ಲಿ ದಿನಕ್ಕೆ ವರ್ಚುವಲ್ ಫೋನ್‌ಗಳಲ್ಲಿ (ಕ್ಲೌಡ್‌ನಲ್ಲಿ ಓಡುವ ನಕಲಿ ಫೋನ್) 10 ಟೆಸ್ಟ್ ಸಿಗುತ್ತವೆ. ಮೂರು ಫೋನ್ ಮಾಡೆಲ್ ಟಿಕ್ ಮಾಡಿದರೆ ಮೂರು ಟೆಸ್ಟ್ ಖರ್ಚಾದಂತೆ, ಜೋಪಾನ! ನಿಜವಾದ ಫೋನ್‌ಗಳಲ್ಲಿ ದಿನಕ್ಕೆ 5 ಟೆಸ್ಟ್ ಇವೆ, ಅವನ್ನು ಕೊನೆಗೆ ಇಟ್ಟುಕೊಳ್ಳಿ.

ಮಂಡಿಯಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಆ್ಯಪ್ ಏನು ಮಾಡುತ್ತದೆ ಅನ್ನೋದು ಮಾತ್ರ ಇದರಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಹಳೇ ಫೋನ್ ಹಿಡಿದು ಹರಾಜಿನ ಹೊತ್ತಿಗೆ ಅಲ್ಲಿಗೇ ಹೋಗಬೇಕು.